ಹತ್ತರ ಹೆಗಲ ಮೇಲಿನ ಆರು

ಬೀಗದ ವಿಷಯಕ್ಕೆ ಬಂದರೆ ಬ್ಯಾಗಣ್ಣನಿಗೆ ಜಂಬ ಇತ್ತು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಇಬ್ಬರು ನಿಂತರೆ ಮೂರನೆಯವನು ಹೊರಗೇ ಕಾಯಬೇಕಾದಂಥ ಅಂಗಡಿ ಅವನದು. ಕಿತ್ತುಹೋದ ಝಿಪ್ಪು, ಮುರಿದ ಹಿಡಿ, ಕಳಚಿಬಿದ್ದ ಗಾಲಿ ಎಲ್ಲವನ್ನೂ ಸರಿಮಾಡಿ ಕೊಡುತ್ತಿದ್ದನಾದರೂ ಬೀದಿಯಲ್ಲಿ ಅವನ ಹೆಸರು ನಿಂತದ್ದು ನಂಬರ್ ಬೀಗದಿಂದ. ಸೂಟ್‌ಕೇಸಿನ ನಂಬರ್ ಮರೆತು, ಬೆವರು ಒರೆಸಿಕೊಳ್ಳುತ್ತ ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, "ಟೀ ಕುಡೀರಿ, ಪೇಪರ್ ಓದಿ. ಪೇಪರ್ ಮುಗಿಯೋದ್ರೊಳಗೆ ನಿಮ್ಮ ಪೆಟ್ಟಿಗೆ ಬಾಯಿ ಬಿಟ್ಟಿರುತ್ತೆ" ಎನ್ನುತ್ತಿದ್ದ.

ವಿದ್ಯೆಯೇನೂ ದೊಡ್ಡದಲ್ಲ. ಮೂರು ಚಕ್ರ, ಪ್ರತಿ ಚಕ್ರದಲ್ಲಿ ಸೊನ್ನೆಯಿಂದ ಒಂಬತ್ತು. ಎಡಗೈಯ ಹೆಬ್ಬೆರಳನ್ನು ಗುಂಡಿಯ ಮೇಲೆ ಒತ್ತಿಟ್ಟು, ಬಲಗೈಯ ಹೆಬ್ಬೆರಳಿನಿಂದ ಕೊನೆಯ ಚಕ್ರವನ್ನು ಒಂದೊಂದೇ ಅಂಕಿ ತಳ್ಳುತ್ತ ಹೋಗುವುದು. ಅದರದು ಒಂದು ಸುತ್ತು ಮುಗಿದರೆ ನಡುವಿನ ಚಕ್ರ ಒಂದು ಅಂಕಿ ಮುಂದೆ. ಮೂರು ಸೊನ್ನೆಯಿಂದ ಹೊರಟು ಮೂರು ಒಂಬತ್ತು ಮುಟ್ಟುವುದರೊಳಗೆ ಎಲ್ಲಾದರೂ ಒಂದು ಕಡೆ ಬೀಗ ಟಕ್ ಎನ್ನಲೇಬೇಕು. ತೀರಾ ಹಣೆಬರಹ ಕೆಟ್ಟ ಗಿರಾಕಿಗೂ ಮುಕ್ಕಾಲು ಗಂಟೆಗಿಂತ ಹೆಚ್ಚು ಹಿಡಿದದ್ದಿಲ್ಲ. ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವನು, "ಒಂದು ಉಳಿ, ಒಂದು ಏಟು. ಎರಡು ನಿಮಿಷದ ಕೆಲಸಕ್ಕೆ ಇಷ್ಟೊಂದು ತಪಸ್ಸು ಯಾಕೋ?" ಎಂದು ಕಾಡಿಸಿದರೆ, "ಒಡೆಯೋಕೆ ನಾನೇ ಬೇಕಾ? ಒಂದು ಕಲ್ಲು ಸಾಕು" ಎಂದು ಅವನ ಬಾಯಿ ಮುಚ್ಚಿಸುತ್ತಿದ್ದ.

ಇಂಥ ಮನುಷ್ಯ ಸ್ವಂತ ಹೆಂಡತಿಯ ಪೆಟ್ಟಿಗೆಯ ಮುಂದೆ ಕೈಕಟ್ಟಿ ಕೂರುವಂತಾಯಿತು.

ಆ ಪೆಟ್ಟಿಗೆ ಬಂದದ್ದೂ ಅಂಗಡಿಗೇ. ಹಿಡಿ ಹಾಕಿಸಲು ಖಾಲಿ ಮಾಡಿ, ಬೀಗ ತೆರೆದೇ ಕೊಟ್ಟುಹೋದ ಗಿರಾಕಿ ತಿರುಗಿ ಮುಖ ತೋರಿಸಲಿಲ್ಲ. ಉಕ್ಕಿನ ಮೈ, ಮುಚ್ಚಳದೊಳಗೇ ಕೂತ ಬೀಗ, ಬೀಗಕ್ಕೆ ಆರು ಚಕ್ರ. ಅಗ್ಗದ ಬೀಗವಾದರೆ ಚಕ್ರ ಸರಿಯಾದ ಅಂಕಿಗೆ ಬಂದಾಗ ಬೆರಳಿಗೆ ಒಂದು ಸಣ್ಣ ತಡೆ ಸಿಗುತ್ತದೆ. ಇದಕ್ಕೆ ಕಿವಿ ಹಚ್ಚಿ ಕೂತರೂ ಎಲ್ಲ ಅಂಕಿಗೂ ಒಂದೇ ಸದ್ದು. ವರ್ಷಗಟ್ಟಲೆ ಕಾದು, ಇನ್ನು ಆ ಆಸಾಮಿ ಬರುವುದಿಲ್ಲ ಎಂದಾದ ಮೇಲೆ ಬ್ಯಾಗಣ್ಣ ಅದನ್ನು ಮನೆಗೆ ಹೊತ್ತು ತಂದ. ಹೊಸ ನಂಬರ್ ಕೂರಿಸುವುದು ಹೇಗೆಂದು ಹೆಂಡತಿಗೆ ತೋರಿಸಿ, ಭೇಷ್ ಎನ್ನುತ್ತಾಳೇನೋ ಎಂದು ಮುಖ ನೋಡಿದ. ಅವಳು, "ಇದರಲ್ಲಿ ಭದ್ರವಾಗಿ ಇಡೋಕೆ ನಮ್ಮತ್ರ ಏನಿದೆ, ನಿಮ್ಮ ಹಳೇ ಬನಿಯನ್ನಾ?" ಎಂದಳು.

ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಡೈರೆಕ್ಟರಿ ತೆರೆಯುವುದು ಅವಳಿಗೆ ಅವಮಾನ. ಊರಿನ ಆಸ್ಪತ್ರೆ, ಠಾಣೆ, ಜವಳಿ ಅಂಗಡಿ, ಹಲ್ಲಿನ ಡಾಕ್ಟರು, ಯಾರದ್ದು ಕೇಳಿದರೂ ನಂಬರ್ ನಾಲಿಗೆಯ ತುದಿಯಲ್ಲಿರುತ್ತಿತ್ತು. ಕೆಲಸ ಬಿಟ್ಟು ಎಷ್ಟೋ ಕಾಲವಾದ ಮೇಲೂ ರಸ್ತೆಯಲ್ಲಿ ಯಾರನ್ನೋ ಕಂಡು, "ಅವರು ನೋಡ್ರೀ" ಎಂದು ಹೆಸರಿನ ಬದಲು ನಂಬರನ್ನೇ ಹೇಳುತ್ತಿದ್ದಳು. ಅಂಥವಳು ಒಲೆಯ ಮೇಲೆ ಖಾಲಿ ಪಾತ್ರೆ ಇಟ್ಟು ಮರೆಯತೊಡಗಿದಳು. ಮಾತಿನ ನಡುವೆ ಪದ ಹುಡುಕುತ್ತ ನಿಂತುಬಿಡುತ್ತಿದ್ದಳು. ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿ, ಕಾಯಿಲೆಯ ಹೆಸರು ಹೇಳಿ, ಇದನ್ನು ನಿಧಾನ ಮಾಡಬಹುದು ಅಷ್ಟೇ, ನಿಲ್ಲಿಸಲಾಗುವುದಿಲ್ಲ ಎಂದರು.

ಮನೆಗೆ ಬಂದವಳು ಅಳಲಿಲ್ಲ, ಗೋಳಾಡಲಿಲ್ಲ. ಆ ಉಕ್ಕಿನ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದಳು. ಕೋಣೆಯ ಬಾಗಿಲು ಹಾಕಿಕೊಂಡು ಒಂದು ಮಧ್ಯಾಹ್ನವಿಡೀ ಒಳಗೇ ಇದ್ದಳು. ಹೊರಗೆ ಬಂದಾಗ ಪೆಟ್ಟಿಗೆಗೆ ಬೀಗ ಬಿದ್ದಿತ್ತು.

"ಏನೇ ತುಂಬಿಟ್ಟೆ ಅದರಲ್ಲಿ?"

"ನಿಮಗೆ ಅಂತ ಒಂದಿಷ್ಟು. ಬಾಯಲ್ಲಿ ಹೇಳೋಕೆ ನನಗೆ ಬರಲ್ಲ, ಕೂತು ಕೇಳೋಕೆ ನಿಮಗೆ ತಾಳ್ಮೆ ಇಲ್ಲ. ಅದಕ್ಕೇ ಇಟ್ಟಿದೀನಿ. ತಲೆ ಪೂರ್ತಿ ಕೆಡೋ ಮುಂಚೆ ನಂಬರ್ ಹೇಳ್ತೀನಿ, ಜೊತೇಲಿ ಕೂತು ತೆಗೆಯೋಣ. ಯಾವುದು ಯಾಕೆ ಇಟ್ಟೆ ಅಂತ ನಾನೇ ಹೇಳ್ಬೇಕು, ಇಲ್ದಿದ್ರೆ ನಿಮಗೆ ತಲೆಬುಡ ಅರ್ಥ ಆಗಲ್ಲ."

"ಈಗಲೇ ಹೇಳಿಬಿಡು ನಂಬರ್ರು."

"ಹೇಳಿದ್ರೆ ನಾನು ಸ್ನಾನಕ್ಕೆ ಹೋದಾಗ ತೆಗೆದು ನೋಡ್ತೀರ. ನಿಮ್ಮನ್ನ ನಾನು ನಿನ್ನೆ ಮೊನ್ನೆ ಕಂಡಿದ್ದಲ್ಲ. ಆಮೇಲೆ ಇನ್ನೊಂದು, ಏನೇ ಆದ್ರೂ ಒಡೀಬಾರದು. ಮಾತು ಕೊಡಿ."

ಅವನು ಅವಳ ಅಂಗೈಮೇಲೆ ಕೈ ಇಟ್ಟ. ಇಟ್ಟು ಸುಮ್ಮನಿರಬಹುದಿತ್ತು. "ಒಡೆಯೋದಾ? ನಾನಾ? ನೀನು ನಂಬರ್ ಹೇಳದೇ ಇದ್ರೂ ತೆಗೀತೀನಿ ಕಣೇ. ಮೂರು ಚಕ್ರಕ್ಕೆ ಮುಕ್ಕಾಲು ಗಂಟೆ, ಆರು ಚಕ್ರಕ್ಕೆ ಒಂದೂವರೆ ಗಂಟೆ. ಒಂದು ಪೇಪರ್ ಬದಲು ಎರಡು ಪೇಪರ್ ಓದು" ಎಂದು ನಕ್ಕ. ಅವಳೂ ನಕ್ಕಳು. ಲೆಕ್ಕದಲ್ಲಿ ಇಬ್ಬರೂ ಒಂದೇ ತಕ್ಕಡಿ. ನಂಬರ್ ನೆನಪಿಡುವುದೇ ಬೇರೆ, ಅದರ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯುವುದೇ ಬೇರೆ.

ಆ ಒಂದೂವರೆ ಗಂಟೆಯ ಧೈರ್ಯದಲ್ಲೇ ಬ್ಯಾಗಣ್ಣ ಕಾಲ ಕಳೆದ. ಅವಳು ಸರಿಯಾಗಿದ್ದ ದಿನಗಳು ಬೇಕಾದಷ್ಟಿದ್ದವು. ಸಂಜೆ ಮೆಟ್ಟಿಲ ಮೇಲೆ ಕೂತು ಹಳೆಯ ಮಾತು ಆಡುತ್ತಿದ್ದಳು, ಅವನ ಅಂಗಿಗೆ ಗುಂಡಿ ಹಾಕಿಕೊಡುತ್ತಿದ್ದಳು. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳೇನೋ. ಅವನು ಮತ್ತೆ ಕೇಳಲಿಲ್ಲ. ಅವಸರ ಮಾಡಿದರೆ ಅವಳ ತಲೆ ಕೆಡುವುದನ್ನು ತಾನೇ ಒಪ್ಪಿಕೊಂಡಂತೆ ಆಗುತ್ತದೆಂದು ಹೆದರುತ್ತಿದ್ದ. ಹೇಗೂ ಬೀಗ ತನ್ನ ಕೈಯಲ್ಲೇ ಇದೆಯಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದ.

ಒಂದು ದಿನ, ಬೇರೆ ಮನೆಯಲ್ಲಿದ್ದ ಮಗಳು ಶಾಲೆ ಮುಗಿಸಿ ನೋಡಲು ಬಂದಾಗ ಹೆಂಡತಿ ಎದ್ದು ನಿಂತು, "ಬನ್ನಿ ಟೀಚರ್, ಕೂತ್ಕೊಳ್ಳಿ. ನಮ್ಮ ಹುಡುಗಿ ಹೇಗೆ ಓದ್ತಾ ಇದಾಳೆ?" ಎಂದಳು. ಮಗಳು ನಿಜಕ್ಕೂ ಟೀಚರೇ, ಮಿಡ್ಲ್ ಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಕೈಯಲ್ಲಿದ್ದ ಚೀಲ ಕೆಳಗಿಡಲೂ ಮರೆತು ನಿಂತಳು. ಆಮೇಲೆ, "ಚೆನ್ನಾಗಿ ಓದ್ತಾಳಮ್ಮ" ಎಂದು ಹೇಳಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ನೀರಿನ ಸದ್ದಿನಲ್ಲಿ ಏನು ಮಾಡುತ್ತಿದ್ದಾಳೆಂದು ಬ್ಯಾಗಣ್ಣನಿಗೆ ಗೊತ್ತಾಯಿತು. ಇನ್ನು ತಡಮಾಡಬಾರದು ಎಂದು ಮಾರನೆಯ ದಿನ ಅಂಗಡಿ ತೆರೆಯಲಿಲ್ಲ. ಪೆಟ್ಟಿಗೆಯನ್ನು ಊಟದ ಮೇಜಿನ ಮೇಲಿಟ್ಟುಕೊಂಡು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆರೂ ಚಕ್ರಗಳನ್ನು ಸೊನ್ನೆಗೆ ತಂದು ಶುರುಮಾಡಿದ.

ಬಲಗಡೆಯ ಮೂರು ಚಕ್ರ ಸುತ್ತಿ ಮುಗಿದವು. ಮುಕ್ಕಾಲು ಗಂಟೆಯಾಗಿತ್ತು. ಎಡಗಡೆಯ ಮೂರರಲ್ಲಿ ಒಂದು ಚಕ್ರ, ಅದೂ ಒಂದೇ ಒಂದು ಅಂಕಿ, ಮುಂದೆ ಹೋಗಿತ್ತು. ಅವನಿಗೆ ಆಗಲೇ ಏನೋ ಮುಳ್ಳು ಚುಚ್ಚಿದಂತಾಯಿತು. ಆದರೂ ಮುಂದುವರಿಸಿದ. ಒಂದೂವರೆ ಗಂಟೆ ತುಂಬಿದಾಗ ಎಡಗಡೆ ನೋಡಿದರೆ ಸೊನ್ನೆ, ಸೊನ್ನೆ, ಎರಡು. ಹೆಂಡತಿ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಎಲ್ಲಿ ತಪ್ಪಿದೆ ಎಂದು ಅವನು ಬೆರಳು ಮಡಿಚುತ್ತ ಕೂತ, ತಿಳಿಯಲಿಲ್ಲ.

ಸಂಜೆ ಮಗಳು ಬಂದು ವಿಷಯ ಕೇಳಿ ತಲೆಗೆ ಕೈ ಹಚ್ಚಿಕೊಂಡಳು. "ಅಪ್ಪಾ, ನನ್ನ ಕ್ಲಾಸಲ್ಲಿ ಅರ್ಧ ಮಕ್ಕಳು ಮಾಡೋ ತಪ್ಪನ್ನೇ ನೀನೂ ಮಾಡಿದೀಯ. ಎರಡರ ಘಾತ ಮೂರು ಎಷ್ಟು ಅಂದ್ರೆ ಆರು ಅಂತ ಬರೀತಾರೆ. ಎರಡು ಮೂರ್ಲಿ ಆರು ಅಲ್ಲ ಅದು. ಎರಡನ್ನ ಎರಡರಿಂದ ಗುಣಿಸು, ಬಂದಿದ್ದನ್ನ ಮತ್ತೆ ಎರಡರಿಂದ ಗುಣಿಸು. ಎಂಟು."

"ನನ್ನ ಬೀಗದಲ್ಲಿ ಎರಡು ಎಲ್ಲಿಂದ ಬಂತು?"

"ನಿನ್ನ ಬೀಗದಲ್ಲಿ ಹತ್ತು." ಅವಳು ಹಳೆಯ ಪ್ರಶ್ನೆಪತ್ರಿಕೆಯೊಂದರ ಬೆನ್ನಿಗೆ ದೊಡ್ಡದಾಗಿ ಹತ್ತು ಬರೆದಳು. "ಒಂದು ಚಕ್ರ ಇದ್ರೆ ಹತ್ತು ಸಲ ನೋಡ್ಬೇಕು. ಎರಡನೇ ಚಕ್ರ ಬಂದ್ರೆ ಇನ್ನು ಹತ್ತು ಸೇರಲ್ಲ. ಅದರ ಒಂದೊಂದು ಅಂಕಿಗೂ ಮೊದಲನೇದನ್ನ ಪೂರ್ತಿ ತಿರುಗಿಸ್ಬೇಕು. ನೂರು. ಮೂರನೇದು ಬಂದ್ರೆ ಆ ನೂರನ್ನೂ ಹತ್ತು ಸಲ. ಸಾವಿರ. ನೀನು ಮುಕ್ಕಾಲು ಗಂಟೇಲಿ ಮುಗಿಸೋದು ಅದೇ. ಹತ್ತನ್ನ ಬರೆದು ಅದರ ಹೆಗಲ ಮೇಲೆ ಸಣ್ಣದಾಗಿ ಮೂರು ಅಂತ ಬರೀತೀವಿ. ಎಷ್ಟು ಚಕ್ರ ಇದೆ ಅಂತ ಹೇಳೋದು ಆ ಸಣ್ಣ ಅಂಕಿ. ಘಾತಾಂಕ."

"ಘಾತ ಅಂದ್ರೆ ಏಟು ತಾನೇ?"

"ಇವತ್ತು ಹಾಗೇ ಅಂದ್ಕೋ." ಅವಳು ಹತ್ತರ ಹೆಗಲ ಮೇಲೆ ಪುಟ್ಟದಾಗಿ ಆರು ಎಂದು ಬರೆದಳು. "ಮೂರು ಹೋಗಿ ಆರಾದ್ರೆ ಎರಡರಷ್ಟಲ್ಲ ಅಪ್ಪ. ಸಾವಿರದ ಸಾವಿರ. ಹತ್ತು ಲಕ್ಷ. ನೀನು ಮುಕ್ಕಾಲು ಗಂಟೆ ಎರಡು ಸಲ ಕೂತಿದೀಯ. ಹಾಗೆ ಸಾವಿರ ಸಲ ಕೂರ್ಬೇಕು. ದಿನಾ ನಾಲ್ಕು ಗಂಟೆ ಕೂತ್ರೂ ಆರು ತಿಂಗಳ ಮೇಲೆ."

ಬ್ಯಾಗಣ್ಣ ಆ ಪುಟ್ಟ ಆರನ್ನು ನೋಡಿದ. ದೊಡ್ಡ ಹತ್ತಿನ ಮೂಲೆಯಲ್ಲಿ, ಜಾಗ ಸಾಲದೆ ಮೇಲೆ ಹತ್ತಿಕೂತ ಹಾಗೆ ಇತ್ತು ಅದು. ಇಷ್ಟುದ್ದದ ಅಂಕಿ ತನ್ನ ಆರು ತಿಂಗಳನ್ನು ನುಂಗುತ್ತದೆಂದು ನಂಬಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆರು ತಿಂಗಳು ಅವನ ಕೈಯಲ್ಲಿತ್ತು. ಹೆಂಡತಿಯ ಕೈಯಲ್ಲಿ ಇರಲಿಲ್ಲ. ಮುಂದಿನ ಸಲ ಬರುವಾಗ ನಿಮ್ಮನ್ನು ಗುರುತು ಹಿಡಿದರೆ ಅದೇ ಹೆಚ್ಚು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಮೊದಲೇ ಯಾಕೆ ಕೇಳ್ಲಿಲ್ಲ ನೀನು ಅಮ್ಮನ್ನ?" ಮಗಳು ಕೇಳಿದಳು. ಬೈಯುವ ದನಿಯಲ್ಲಿ ಅಲ್ಲ. ಅದಕ್ಕೇ ಅವನಿಗೆ ಹೆಚ್ಚು ನೋವಾಯಿತು.

"ಒಂದೂವರೆ ಗಂಟೆ ಅಂದ್ಕೊಂಡಿದ್ದೆ" ಎಂದ.

ಮದುವೆಯ ದಿನ, ಮಗಳು ಹುಟ್ಟಿದ ದಿನ, ಅವಳು ಎಕ್ಸ್‌ಚೇಂಜಿಗೆ ಸೇರಿದ ದಿನ, ಅಂಗಡಿ ಶುರುವಾದ ದಿನ, ಹಿಂದುಮುಂದು ಮಾಡಿ ಎಲ್ಲ ಹಾಕಿ ನೋಡಿದರು. ಜಪ್ಪಯ್ಯ ಅಂದರೂ ಬೀಗ ತೆರೆಯಲಿಲ್ಲ. ಗಡಿಯಾರದವನು ಅಂಗಡಿ ಮುಚ್ಚಿಕೊಂಡು ಮನೆಗೇ ಬಂದ. ಚೀಲದಲ್ಲಿ ಉಳಿ, ಸುತ್ತಿಗೆ ತಂದಿದ್ದ. "ನಿನ್ನ ಜಂಬವನ್ನ ನಾನು ಯಾರಿಗೂ ಹೇಳಲ್ಲ. ಕಣ್ಣು ಮುಚ್ಚಿಕೋ, ನಾನು ಒಡೀತೀನಿ. ಮಾತು ಕೊಟ್ಟಿದ್ದು ನೀನು, ನಾನಲ್ಲ" ಎಂದ. ಬ್ಯಾಗಣ್ಣ ಮುಖ ಪಕ್ಕಕ್ಕೆ ತಿರುಗಿಸಿದ. ಉಳಿಯ ತುದಿ ಉಕ್ಕಿಗೆ ತಾಗಿದ ಸದ್ದಿಗೆ ಅವಳು ಕೋಣೆಯಿಂದ ಓಡಿಬಂದು ಪೆಟ್ಟಿಗೆಯ ಮೇಲೆ ಮೈಚಾಚಿ ಬಿದ್ದಳು. ಕಳ್ಳರು, ಕಳ್ಳರು ಎಂದು ಕಿರುಚಿದಳು. ಬಿಡಿಸಲು ಹೋದ ಬ್ಯಾಗಣ್ಣನ ಮಣಿಕಟ್ಟನ್ನು ಕಚ್ಚಿದಳು. ಗಡಿಯಾರದವನು ಉಳಿಯನ್ನು ಚೀಲಕ್ಕೆ ಹಾಕಿಕೊಂಡು, ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಹೊರಗೆ ಹೋದ. ಅವಳು ಮಲಗಿದ್ದಾಗ ಒಡೆಯಬಹುದಿತ್ತು. ಒಡೆದ ಪೆಟ್ಟಿಗೆ ಕಂಡು ಅವಳು ಹೀಗೆ ಕಿರುಚಿದರೆ ಸಮಾಧಾನ ಮಾಡುವುದು ಯಾವ ಬಾಯಲ್ಲಿ ಎಂದು ಬ್ಯಾಗಣ್ಣ ಆ ಯೋಚನೆಯನ್ನೇ ಬಿಟ್ಟ.

ದಾರಿ ತೋರಿಸಿದ್ದು ಮಗಳೇ. "ಪೂರ್ತಿ ನಂಬರ್ ಬೇಡಪ್ಪ. ಒಂದು ಅಂಕಿ ನೆನಪಾದ್ರೂ ಸಾಕು. ಒಂದು ಚಕ್ರ ಗೊತ್ತಾದ್ರೆ ಮೇಲಿನ ಆರು ಐದಾಗುತ್ತೆ. ಹತ್ತು ಲಕ್ಷ ಇದ್ದದ್ದು ಒಂದು ಲಕ್ಷ. ಇನ್ನೊಂದು ಗೊತ್ತಾದ್ರೆ ಹತ್ತು ಸಾವಿರ. ಮೂರು ಗೊತ್ತಾದ್ರೆ ನಿನ್ನ ಹಳೇ ಮುಕ್ಕಾಲು ಗಂಟೆ."

"ಆರೂ ಗೊತ್ತಾದ್ರೆ? ಸೊನ್ನೆ?"

"ಹೆಗಲ ಮೇಲೆ ಸೊನ್ನೆ. ಆದ್ರೆ ಹತ್ತರ ಘಾತ ಸೊನ್ನೆ ಅಂದ್ರೆ ಒಂದು."

"ಅದು ಹೇಗೆ? ಸೊನ್ನೆ ಅಂದ್ರೆ ಏನೂ ಇಲ್ಲ ತಾನೇ?"

"ತಿರುಗಿಸೋಕೆ ಏನೂ ಉಳಿದಿಲ್ಲ ಅಂತ. ಆಗ ಒಂದೇ ಒಂದು ನಂಬರ್ ಉಳಿಯುತ್ತೆ. ಅದನ್ನ ಒತ್ತಿದ್ರೆ ಬೀಗ ತೆರೆದುಕೊಳ್ಳುತ್ತೆ."

ಅದು ಪುಸ್ತಕ ಓದಿದವರಿಗಿಂತ ಚೆನ್ನಾಗಿ ಅವನ ತಲೆಗೆ ಹತ್ತಿತು, ಎಷ್ಟಾದರೂ ಬೀಗದ ಮನುಷ್ಯ. ಅಂದಿನಿಂದ ಹೆಂಡತಿಯ ಬಾಯಿಂದ ಅಂಕಿ ತೆಗೆಯುವುದೇ ಅವನಿಗೆ ಕಸುಬಾಯಿತು. ತಲೆ ಬಾಚುವಾಗ ಕೇಳುತ್ತಿದ್ದ, ತುತ್ತು ಕೊಡುವಾಗ ಕೇಳುತ್ತಿದ್ದ. ಎಕ್ಸ್‌ಚೇಂಜಿನ ಗಿರಾಕಿಯ ಹಾಗೆ ಕೈಯನ್ನು ಕಿವಿಗಿಟ್ಟು, "ಹಲೋ ಆಪರೇಟರ್, ಪೆಟ್ಟಿಗೆ ನಂಬರ್ ಕೊಡ್ತೀರಾ?" ಎಂದು ಆಟ ಹೂಡುತ್ತಿದ್ದ. ಅವಳು ಅವನನ್ನೇ ನೋಡುತ್ತ ಕೂತಿರುತ್ತಿದ್ದಳು. ಒಂದು ಬೆಳಗ್ಗೆ ಮುಖ ತೊಳೆಸಿ ಟವೆಲ್ ಕೊಡುತ್ತಿದ್ದಾಗ ತಾನಾಗಿಯೇ, "ಮೊದಲನೇದು ನಾಲ್ಕು" ಎಂದಳು.

ಅವನು ಟವೆಲನ್ನು ಅಲ್ಲೇ ಬಿಟ್ಟು ಮಗಳಿಗೆ ಫೋನು ಮಾಡಿದ. ಸಂಜೆ ಅವಳು ಬಂದು ಗೋಡೆಗೆ ಅಂಟಿಸಿದ್ದ ಆ ಪ್ರಶ್ನೆಪತ್ರಿಕೆಯ ಹಾಳೆಯಲ್ಲಿ ಆರನ್ನು ಹೊಡೆದುಹಾಕಿ ಐದು ಬರೆದಳು. ಕೆಲವು ದಿನ ಬಿಟ್ಟು ಎರಡನೆಯದು ಒಂಬತ್ತು ಎಂದು ಬಂತು. ಐದು ಹೋಗಿ ನಾಲ್ಕಾಯಿತು. ಬ್ಯಾಗಣ್ಣನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹಾಲಿನವನಿಗೂ ಹೇಳಿದ, ಹೋಗಿ ಬರುವವರಿಗೂ ಹೇಳಿದ. ಗಡಿಯಾರದವನನ್ನು ಕರೆದು, ಘಾತಾಂಕ ಒಂದು ಇಳಿದರೆ ಕೆಲಸ ಹತ್ತರಲ್ಲಿ ಒಂದು ಪಾಲಾಗುತ್ತದೆಂದು ತಾನೇ ಕಂಡುಹಿಡಿದವನ ಹಾಗೆ ಪಾಠ ಮಾಡಿದ. "ನಿನ್ನ ಉಳಿ ಇದನ್ನ ಮಾಡುತ್ತಾ?" ಎಂದ. ಮೂರನೆಯದು ಸುಲಭಕ್ಕೆ ಬರಲಿಲ್ಲ. ಅವನು ಕೇಳಿ ಕೇಳಿ, ಅವಳು ಮುಖ ತಿರುಗಿಸಿ ತಿರುಗಿಸಿ, ಕೊನೆಗೆ ಒಂದು ಮಧ್ಯಾಹ್ನ "ಎರಡು, ಎರಡು, ಆಯ್ತಾ?" ಎಂದು ರೇಗಿದಳು. ಹಾಳೆಯ ಮೇಲೆ ಹತ್ತರ ಹೆಗಲೇರಿ ಮೂರು ಕೂತಿತು. ಮೂರು ಚಕ್ರ ಅವನ ಕೈಗೆ ಪಳಗಿದ ಲೆಕ್ಕ.

ಭಾನುವಾರ ಮಗಳು ಬಂದಳು. ಮೊದಲ ಮೂರು ಚಕ್ರಗಳನ್ನು ನಾಲ್ಕು, ಒಂಬತ್ತು, ಎರಡಕ್ಕೆ ಇಟ್ಟು, ಉಳಿದ ಮೂರನ್ನು ಸೊನ್ನೆಗೆ ತಂದು ಬ್ಯಾಗಣ್ಣ ಕೂತ. ಹೆಂಡತಿಗೆ ಒಳ್ಳೆಯ ಸೀರೆ ಉಡಿಸಿದ್ದ, ಪೆಟ್ಟಿಗೆ ತೆರೆದಾಗ ಅವಳು ಚೆನ್ನಾಗಿ ಕಾಣಲಿ ಎಂದು. ಬೆರಳು ಹಳೆಯ ಓಟ ಹಿಡಿಯಿತು. ಮಗಳು ಬಾಗಿ ಅಂಕಿಗಳನ್ನು ನೋಡುತ್ತಿದ್ದಳು. ಅರ್ಧ ದಾರಿ ದಾಟಿದಾಗಲೂ ಅವನಿಗೆ ಆತಂಕವಾಗಲಿಲ್ಲ, ಎಷ್ಟೋ ಬೀಗಗಳು ಕೊನೆಯಲ್ಲೇ ಬಿಚ್ಚಿಕೊಂಡಿವೆ. ಒಂಬತ್ತುನೂರು ದಾಟಿದ ಮೇಲೆ ನಿಧಾನ ಮಾಡಿದ, ಒಂದೊಂದು ಅಂಕಿಗೂ ಗುಂಡಿಯನ್ನು ಎರಡೆರಡು ಸಲ ಒತ್ತಿದ. ಕೊನೆಗೆ ಮೂರು ಒಂಬತ್ತು ಸಾಲಾಗಿ ನಿಂತವು. ಒತ್ತಿದ. ಬೀಗ ಹಾಗೇ ಇತ್ತು.

"ಇನ್ನೊಂದ್ಸಲ ನೋಡೋಣಪ್ಪ, ಎಲ್ಲೋ ಜಾರಿರುತ್ತೆ" ಎಂದಳು ಮಗಳು. ಅವನ ಬೆರಳು ಜಾರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಅವನು ಹೆಂಡತಿಯ ಕಡೆ ತಿರುಗಿ, ಮೊದಲನೇದು ಎಷ್ಟು ಹೇಳು ಎಂದ. "ಏಳು" ಎಂದಳು. ನಾಲ್ಕು ಅಂದಿದ್ದೆಯಲ್ಲ ಎಂದರೆ, ನಾನು ಯಾವಾಗ ಅಂದೆ ಎಂದಳು. ಅವನಿಗೆ ಎಲ್ಲಿಂದ ಅಷ್ಟು ಸಿಟ್ಟು ಬಂತೋ, ಮೇಜು ಗುದ್ದಿ, "ಯಾಕೆ ಹೀಗೆ ಗೋಳು ಹೊಯ್ಕೋತೀಯ? ಒಂದು ಅಂಕಿ ಸರಿಯಾಗಿ ಹೇಳೋಕಾಗಲ್ವಾ ನಿನಗೆ?" ಎಂದು ಕೂಗಿದ. ಅವಳು ಒಳ್ಳೆಯ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒತ್ತಿ ನಿಂತಳು.

ಮಗಳು ಅವಳನ್ನು ಕೋಣೆಗೆ ಕರೆದುಕೊಂಡು ಹೋದಳು. ಬ್ಯಾಗಣ್ಣ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತ. ಇಷ್ಟು ವರ್ಷದಲ್ಲಿ ಅವಳ ಮೇಲೆ ಕೂಗಾಡಿದ್ದುಂಟು, ಅವಳೂ ತಿರುಗಿ ಕೂಗಿ ಲೆಕ್ಕ ಸಮ ಮಾಡುತ್ತಿದ್ದಳು. ಹೀಗೆ ಗೋಡೆಗೆ ಒತ್ತಿ ನಿಂತದ್ದು ಇದೇ ಮೊದಲು. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಮಗಳು ಹೋಗುವಾಗ ಹಾಳೆಯಲ್ಲಿ ಮತ್ತೆ ಆರು ಬರೆಯಲು ಪೆನ್ನು ತೆಗೆದವಳು, ಬರೆಯದೆ ಹಾಗೇ ಜೇಬಿಗೆ ಸಿಕ್ಕಿಸಿಕೊಂಡಳು.

ಆಮೇಲೂ ಅವನು ಕೇಳುವುದನ್ನು ಬಿಡಲಿಲ್ಲ. ಮೆತ್ತಗೆ, ಕೈ ಹಿಡಿದುಕೊಂಡು, ಬೇಡುವವರ ಹಾಗೆ ಕೇಳುತ್ತಿದ್ದ. ಅವಳು ಹೇಳುತ್ತಲೂ ಇದ್ದಳು. ಒಂದು ದಿನ ಐದು, ಒಂದು ದಿನ ಸೊನ್ನೆ, ಒಂದು ದಿನ ಉಸಿರು ಬಿಡದೆ ಆರೂ ಅಂಕಿ. ಪ್ರತಿ ಸಲವೂ ಅವನು ಓಡಿಹೋಗಿ ತಿರುಗಿಸಿ, ಒತ್ತಿ, ವಾಪಸು ಬಂದು ಕೂರುತ್ತಿದ್ದ. ನಂಬಲೂ ಆಗುತ್ತಿರಲಿಲ್ಲ, ನಂಬದಿರಲೂ ಆಗುತ್ತಿರಲಿಲ್ಲ. ಉಳಿದ ಹೊತ್ತಿನಲ್ಲಿ, ಹಿಂದೆ ನಿಲ್ಲಿಸಿದ್ದ ಸೊನ್ನೆ ಸೊನ್ನೆ ಎರಡರಿಂದ ಮುಂದಕ್ಕೆ ಸುಮ್ಮನೆ ತಳ್ಳುತ್ತ ಕೂರುತ್ತಿದ್ದ, ಸಾವಿರದಲ್ಲಿ ಇನ್ನೊಂದು ಪಾಲು ಸವೆಯಿತಲ್ಲ ಎಂದು.

ಅಂಗಡಿಯನ್ನು ಎಷ್ಟು ದಿನ ಮುಚ್ಚಲಾದೀತು? ಗಿರಾಕಿಗಳ ಚೀಲಗಳು ರಾಶಿ ಬಿದ್ದಿದ್ದವು. ಮಗಳಿಗೆ ಶಾಲೆಯಲ್ಲಿ ಪರೀಕ್ಷೆ ಬಂದದ್ದರಿಂದ ಅವನು ಹೆಂಡತಿಯನ್ನೂ ಅಂಗಡಿಗೆ ಕರೆದುಕೊಂಡು ಹೊರಟ. ಪೆಟ್ಟಿಗೆ ಬಿಟ್ಟು ಬರಲು ಅವಳು ಒಪ್ಪಲಿಲ್ಲ, ಅದನ್ನೂ ಆಟೋದಲ್ಲಿ ಹಾಕಿಕೊಂಡ. ಗಿರಾಕಿಗಳ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ, ತೊಡೆಯ ಮೇಲೆ ಪೆಟ್ಟಿಗೆ ಇಟ್ಟು, ತಾನು ಕೌಂಟರಿನ ಹಿಂದೆ ಹೋಗಿ ಚರ್ಮದ ಏಪ್ರನ್ ಕಟ್ಟಿಕೊಂಡು, ಕಣ್ಣಿಗೆ ದಪ್ಪ ಗಾಜಿನ ಕನ್ನಡಕ ಏರಿಸಿ ಒಂದು ಝಿಪ್ಪು ಬಿಚ್ಚತೊಡಗಿದ. ಅವಳು ಸ್ವಲ್ಪ ಹೊತ್ತು ಅವನ ಕೈಯನ್ನೇ ನೋಡಿದಳು. ಮುಖದಲ್ಲಿ ಎಷ್ಟೋ ದಿನದಿಂದ ಇರದಿದ್ದ ನೆಮ್ಮದಿ ಇತ್ತು.

"ಕೈ ಚೆನ್ನಾಗಿ ಓಡುತ್ತಣ್ಣ ನಿಮ್ಮದು" ಎಂದಳು.

ಬ್ಯಾಗಣ್ಣ ಎಂದು ಬೀದಿಯೆಲ್ಲ ಕರೆಯುತ್ತಿತ್ತು. ಕಟ್ಟಿಕೊಂಡ ಹೆಂಡತಿ ಅಣ್ಣ ಎಂದಾಗ ಅವನ ಕೈಯಿಂದ ಇಕ್ಕಳ ಕೆಳಗೆ ಬಿತ್ತು. ಮುಖ ಎತ್ತದೆ ಅದನ್ನು ಹುಡುಕಿದ.

"ನಮ್ಮನೆಯವರೂ ಇದೇ ಕೆಲಸ ಮಾಡ್ತಾರೆ" ಎಂದಳು. "ಬಾಯಿ ಸ್ವಲ್ಪ ಜೋರು. ಬೀಗದ ವಿಷಯ ಎತ್ತಿದ್ರೆ ಮುಗೀತು, ಹಿಡಿಯೋರಿಲ್ಲ. ಮನಸ್ಸು ಮಾತ್ರ ಒಳ್ಳೇದು."

"ಎಲ್ಲಿದ್ದಾರೆ ಈಗ?" ಇಕ್ಕಳ ಎತ್ತಿಕೊಳ್ಳುತ್ತ ಕೇಳಿದ.

"ಬರ್ತಾರೆ." ಅವಳು ಬೀದಿಯ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೌಂಟರಿನ ಹತ್ತಿರಕ್ಕೆ ಬಾಗಿದಳು. "ನೋಡಣ್ಣ, ಈ ಪೆಟ್ಟಿಗೆ ಯಾರು ತಂದುಕೊಟ್ರೂ ತೆಗೀಬೇಡಿ. ನಮ್ಮನೇಲಿ ಒಬ್ಬ ಗಂಡಸು ಸೇರ್ಕೊಂಡಿದ್ದಾನೆ, ಯಾರೋ ಗೊತ್ತಿಲ್ಲ. ಸುಳ್ಳು ಯಾಕೆ ಹೇಳ್ಬೇಕು, ಊಟ ಹಾಕ್ತಾನೆ, ತಲೆ ಬಾಚ್ತಾನೆ. ಆದ್ರೆ ಬೆಳಗಾದ್ರೆ ಸಾಕು, ನಂಬರ್ ಏನು ನಂಬರ್ ಏನು ಅಂತ ಪ್ರಾಣ ತಿಂತಾನೆ. ಒಂದಿನ ಹೊಡೆಯೋಕೇ ಬಂದ."

"ನೀವು ಏನಂತ ಹೇಳ್ತೀರಿ?"

ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಹಳೆಯ ಕಾಲದ ಹಾಗೆ, ಭುಜ ಕುಣಿಸಿ ನಕ್ಕಳು. "ದಿನಕ್ಕೊಂದು ಹೇಳ್ತೀನಿ. ಪಾಪ, ಓಡಿಹೋಗಿ ತಿರುಗಿಸ್ತಾನೆ."

ಬ್ಯಾಗಣ್ಣ ಕೌಂಟರಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ. "ಸರಿಯಾದ ನಂಬರ್ ನೆನಪಿದೆಯಾ ನಿಮಗೆ?"

"ನೆನಪಿಲ್ಲದೆ ಏನು? ನಾನು ಎಕ್ಸ್‌ಚೇಂಜಿನವಳು." ಅವಳು ಪೆಟ್ಟಿಗೆಯ ಮೇಲೆ ಅಂಗೈ ಆಡಿಸಿದಳು. "ಆದ್ರೆ ಅದು ನಮ್ಮನೆಯವರಿಗೆ ಮಾತ್ರ. ಅವರು ಬಂದು ಕೇಳಿದ್ರೆ ಹೇಳ್ತೀನಿ. ಇದುವರೆಗೂ ಒಂದ್ಸಲನೂ ಕೇಳಿಲ್ಲ ಅವರು."

ಹತ್ತು ಲಕ್ಷದಲ್ಲಿ ಸರಿಯಾದ ಆ ಒಂದು ಅವಳ ನಾಲಿಗೆಯ ಮೇಲೆ ಇತ್ತೋ ಇಲ್ಲವೋ, ಇತ್ತೆಂದೇ ಅವನಿಗೆ ಆ ಕ್ಷಣ ಅನ್ನಿಸಿತು. ಕನ್ನಡಕ ತೆಗೆದ. ಏಪ್ರನ್ನಿನ ಗಂಟು ಬಿಚ್ಚಿ ಎಸೆದ. ಕೌಂಟರ್ ಸುತ್ತಿ ಬಂದು ಅವಳ ಎದುರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, "ನಾನೇ ಕಣೇ. ನೋಡು ಸರಿಯಾಗಿ. ಬಂದಿದೀನಿ, ಕೇಳ್ತಾ ಇದೀನಿ" ಎಂದ.

ಅವಳು ನೋಡಿದಳು. ಗುರುತು ಹಿಡಿದಳು. ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು, ಸ್ಟೂಲಿನ ಸಮೇತ ಹಿಂದಕ್ಕೆ ಸರಿಯುತ್ತ, "ಇಲ್ಲಿಗೂ ಬಂದ, ಅಣ್ಣಾ, ಇವನೇ, ಇವನೇ" ಎಂದು ಖಾಲಿ ಕೌಂಟರಿನ ಕಡೆ ನೋಡಿ ಕೂಗಿಕೊಂಡಳು. ಗಡಿಯಾರದವನು ಬಾಗಿಲಿಗೆ ಬಂದು ನಿಂತ. ಅವನಿಗೂ ಏನು ಮಾಡಬೇಕೆಂದು ತೋಚಲಿಲ್ಲ.

ಬ್ಯಾಗಣ್ಣ ಎದ್ದ. ಏಪ್ರನ್ ಹೆಕ್ಕಿಕೊಂಡು ಕೌಂಟರಿನ ಹಿಂದೆ ಹೋಗಿ ಕಟ್ಟಿಕೊಂಡ. ಕನ್ನಡಕ ಏರಿಸಿ, ಝಿಪ್ಪನ್ನು ಕೈಗೆ ತೆಗೆದುಕೊಂಡು, "ಹೋದನಮ್ಮ ಅವನು. ಕಳಿಸಿಬಿಟ್ಟೆ. ಹೆದರ್ಬೇಡಿ" ಎಂದ.

ಅವಳು ಬಾಗಿಲ ಕಡೆ ನೋಡಿದಳು, ಅವನ ಕಡೆ ನೋಡಿದಳು. ಉಸಿರು ಮೆಲ್ಲಗೆ ಹತೋಟಿಗೆ ಬಂತು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆರೂ ಚಕ್ರಗಳನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು.

"ಗಾಬರೀಲಿ ಅವನಿಗೆ ನಂಬರ್ ಹೇಳಿಬಿಟ್ನಾ ಅಣ್ಣ ನಾನು?"

"ಇಲ್ಲಮ್ಮ" ಎಂದ ಬ್ಯಾಗಣ್ಣ. "ಹೇಳ್ಲಿಲ್ಲ."